ಕೌನ್ಸೆಲರ್ ಮೇಡಂ ಚೀಟಿಗೆ ಸೇರಿ ಅಂದರೆ?

ಈ ಸಲ ಬಂದ ಪತ್ರಗಳಲ್ಲಿ ಮನಸ್ಸಿನ ತೊಂದರೆಗಿಂತ ಕೌನ್ಸೆಲರ್‌ಗಳ ಮೇಲಿನ ತಕರಾರೇ ಜಾಸ್ತಿ. ಒಳ್ಳೆಯದೇ ಆಯಿತು. ದಿನವಿಡೀ ಬೇರೆಯವರನ್ನು ಪ್ರಶ್ನೆ ಕೇಳುವ ನಮ್ಮನ್ನೂ ಯಾರಾದರೂ ಕೇಳಬೇಕಲ್ಲ. ಎಂದಿನಂತೆ ಹೆಸರು ತೆಗೆದಿದ್ದೇನೆ, ಊರು ಬದಲಾಯಿಸಿದ್ದೇನೆ. ಇನ್ನೊಂದು ಮಾತು: ನನ್ನ ರೂಮಿಗೆ ಬಂದವರ ಕಥೆಯನ್ನು ಉದಾಹರಣೆ ಅಂತ ಇಲ್ಲಿ ಬರೆಯುವುದಿಲ್ಲ. ಸಂಪಾದಕರು ಎಷ್ಟು ಕೇಳಿದರೂ ಇಲ್ಲ.

ಪ್ರಶ್ನೆ: ಮಗಳು ಫಸ್ಟ್ ಪಿಯುಸಿ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದವಳು ಈಗ ಕಾಲೇಜೇ ಬೇಡ ಅಂತಾಳೆ. ಎರಡು ತಿಂಗಳಿಂದ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಒಂದು ಸಲಕ್ಕೆ 800 ರೂಪಾಯಿ. ನನ್ನನ್ನು ಹೊರಗೆ ಕೂರಿಸುತ್ತಾರೆ. ಏನು ಹೇಳಿದಳು ಅಂತ ಕೇಳಿದರೆ, ‘ಅದನ್ನು ಅವಳೇ ಹೇಳಬೇಕು’ ಅಂತಾರೆ. ಹೆತ್ತವಳು ನಾನು, ದುಡ್ಡು ಕೊಡುವವಳೂ ನಾನು. ನನಗೆ ತಿಳಿಯುವ ಹಕ್ಕಿಲ್ಲವಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಹಕ್ಕಿದೆ. ಆದರೆ ನೀವು ಕೇಳುತ್ತಿರುವ ವಿಷಯಕ್ಕಲ್ಲ.

ಮುಚ್ಚಿದ ಬಾಗಿಲ ಹೊರಗೆ ಕೂತ ತಾಯಿಯ ಹೊಟ್ಟೆಯೊಳಗಿನ ಸಂಕಟ ನನಗೆ ಅರ್ಥವಾಗುತ್ತದೆ. ಒಳಗೆ ಏನಾಗುತ್ತದೆ ಅಂತಲೂ ಸ್ವಲ್ಪ ಕೇಳಿ. ಈ ವಯಸ್ಸಿನ ಮಕ್ಕಳು, ಯಾರು ಅಂತಲ್ಲ, ಹೆಚ್ಚುಕಡಿಮೆ ಎಲ್ಲರೂ, ಕುರ್ಚಿಯಲ್ಲಿ ಕೂತ ಸ್ವಲ್ಪ ಹೊತ್ತಿಗೇ ಕೇಳುವುದು ಒಂದೇ ಪ್ರಶ್ನೆ: “ಇದೆಲ್ಲ ಅಮ್ಮಂಗೆ ಹೇಳ್ತೀರಾ?” ಕೇಳುವಾಗ ಮುಖ ನೋಡುವುದಿಲ್ಲ. ಬ್ಯಾಗಿನ ಜಿಪ್ ಎಳೆಯುವುದು, ಹಾಕುವುದು, ಮತ್ತೆ ಎಳೆಯುವುದು. “ಹೇಳ್ತೀನಿ” ಅಂದುಬಿಟ್ಟರೆ ಮುಗಿಯಿತು. ಮುಂದಿನ ಮುಕ್ಕಾಲು ಗಂಟೆ ಟ್ಯೂಷನ್, ತಲೆನೋವು, ಫಿಸಿಕ್ಸ್ ಲೆಕ್ಚರರ್. ನಿಮ್ಮ 800 ರೂಪಾಯಿ ನೀರುಪಾಲು.

ಹಾಗಂತ “ಯಾರಿಗೂ ಏನೂ ಹೇಳಲ್ಲ ಪುಟ್ಟಾ” ಅನ್ನುವ ಕೌನ್ಸೆಲರ್ ಕೂಡ ಸರಿಯಿಲ್ಲ. ಅದು ಉಳಿಸಿಕೊಳ್ಳಲಾಗದ ಮಾತು. ನಾನು ಮೊದಲ ದಿನವೇ ತಾಯಿ-ಮಗಳು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿಬಿಡುತ್ತೇನೆ. ನಿನ್ನ ಜೀವಕ್ಕೆ ಅಪಾಯ ಅಂತ ಕಂಡರೆ ಸುಮ್ಮನಿರಲ್ಲ. ನಿನ್ನಿಂದ ಬೇರೆಯವರಿಗೆ ಅಪಾಯ ಅಂತ ಕಂಡರೂ ಸುಮ್ಮನಿರಲ್ಲ. ಲೈಂಗಿಕ ದೌರ್ಜನ್ಯದ ವಿಷಯ ಬಂದರಂತೂ ಸುಮ್ಮನಿರಲು ಕಾನೂನೇ ಬಿಡುವುದಿಲ್ಲ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, 18 ತುಂಬದ ಮಗುವಿನ ಮೇಲೆ ಅಂಥದ್ದು ನಡೆದಿದೆ ಅಂತ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ‘ಪ್ರೀತಿ ಮಾಡಿದ್ವಿ, ಒಪ್ಪಿಗೆ ಇತ್ತು’ ಅನ್ನುವುದು ಆ ಕಾಯ್ದೆಗೆ ಲೆಕ್ಕಕ್ಕಿಲ್ಲ. ಅದಕ್ಕೇ ಮಗು ಬಾಯಿ ಬಿಡುವ ಮೊದಲೇ ಇದನ್ನು ಹೇಳಿರಬೇಕು. ಎಲ್ಲ ಹೇಳಿಸಿಕೊಂಡ ಮೇಲೆ ‘ಇನ್ನು ನಾನು ತಿಳಿಸಬೇಕಾಗುತ್ತೆ’ ಅಂದರೆ, ಆ ಹುಡುಗಿ ಜನ್ಮದಲ್ಲಿ ಇನ್ನೊಬ್ಬರ ಹತ್ತಿರ ಮನಸ್ಸು ಬಿಚ್ಚುತ್ತಾಳಾ?

ಇನ್ನು ನಿಮ್ಮ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗುಟ್ಟು ಕಾಪಾಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹಾಕಿದೆ. ಅದು ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರಿಗಾಗಿ ಮಾಡಿದ ಕಾನೂನು. ನಿಮ್ಮ ಮಗಳಿಗೆ ಕಾಯಿಲೆ ಇದೆ ಅಂತ ನಾನು ಹೇಳುತ್ತಿಲ್ಲ, ಗಾಬರಿ ಬೇಡ. ಕೌನ್ಸೆಲಿಂಗ್ ನಡೆಯುವುದೂ ಅದೇ ದಾರಿಯಲ್ಲಿ, ಅಷ್ಟೆ. ಅದೇ ಕಾಯ್ದೆ, 18 ತುಂಬದವರಿಗೆ ಪೋಷಕರೇ ಪ್ರತಿನಿಧಿ ಅಂತಲೂ ಹೇಳುತ್ತದೆ. ಆ ಹೊಣೆ ನಿಭಾಯಿಸಲು ಎಷ್ಟು ಬೇಕೋ ಅಷ್ಟು ವಿಷಯ ಅವರಿಗೆ ಸಿಗಬೇಕು. ಅಂದರೆ ನೀವು ಹೊರಗಿನವರಲ್ಲ. ಮಗಳು ಸುರಕ್ಷಿತವಾಗಿದ್ದಾಳಾ, ಯಾವ ರೀತಿಯ ತೊಂದರೆ, ಇನ್ನೆಷ್ಟು ಸಲ ಬರಬೇಕು, ಡಾಕ್ಟರಿಗೆ ತೋರಿಸಬೇಕಾ, ಮನೆಯಲ್ಲಿ ನಾನೇನು ಮಾಡಲಿ – ಇಷ್ಟನ್ನೂ ಕೇಳಿ. ಇದಕ್ಕೆ ನೇರ ಉತ್ತರ ಬರಬೇಕು. ‘ಅವಳೇ ಹೇಳಬೇಕು’ ಅಂತ ಇದನ್ನೂ ಸಾಗಹಾಕಿದರೆ ತಪ್ಪು ಆ ಕೌನ್ಸೆಲರ್‌ದು. ನಿಮ್ಮ ಪತ್ರ ನೋಡಿದರೆ ಮೊದಲ ದಿನ ನಿಮಗೆ ಏನನ್ನೂ ವಿವರಿಸಿಲ್ಲ ಅನ್ನಿಸುತ್ತದೆ. ಹಾಗಿದ್ದರೆ ಅದೂ ಅವರದೇ ಲೋಪ. ಮುಂದಿನ ಸಲ ಹತ್ತು ನಿಮಿಷ ಕೇಳಿ ತೆಗೆದುಕೊಳ್ಳಿ, ಮಗಳ ಎದುರಿಗೇ ಮಾತಾಡಿ.

ಮತ್ತೆ, ವಾಪಸ್ ಬರುವಾಗ ಆಟೋದಲ್ಲಿ ‘ಏನ್ ಹೇಳ್ದೆ? ನನ್ ಬಗ್ಗೆ ಹೇಳ್ದ್ಯಾ?’ ಅನ್ನುವ ವಿಚಾರಣೆ ಬೇಡ. ಸುಮ್ನೆ ಒಂದು ಮಸಾಲೆಪುರಿ ಕೊಡಿಸಿ ಕರೆದುಕೊಂಡು ಬನ್ನಿ.

ಪ್ರಶ್ನೆ: ಡೈವೋರ್ಸ್ ಆದ ಮೇಲೆ ಒಬ್ಬ ಕೌನ್ಸೆಲರ್ ಮೇಡಂ ಹತ್ತಿರ ಹೋಗುತ್ತಿದ್ದೇನೆ. ತುಂಬಾ ಸಹಾಯ ಆಗಿದೆ. ಮೊನ್ನೆ ಅವರು, ‘ನಾನೊಂದು ಚೀಟಿ ನಡೆಸ್ತಾ ಇದೀನಿ, ತಿಂಗಳಿಗೆ 5,000, ನೀವೂ ಸೇರಿ, ನಂಬಿಕಸ್ತರೇ ಇದಾರೆ’ ಅಂದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ‘ಯೋಚಿಸ್ತೀನಿ ಮೇಡಂ’ ಅಂದೆ. ಏನು ಮಾಡಲಿ?
– 41 ವರ್ಷ, ಚಿಕ್ಕಮಗಳೂರು

ಉತ್ತರ: ಸೇರಬೇಡಿ.

ಬಾಯಿ ಬರಲಿಲ್ಲ ಅಂತ ನೀವೇ ಬರೆದಿದ್ದೀರಿ ನೋಡಿ, ತೊಂದರೆ ಇರುವುದೇ ಅಲ್ಲಿ. ಪಕ್ಕದ ಅಂಗಡಿಯವರು ಕೇಳಿದ್ದರೆ ‘ಈಗ ಕೈಲಿ ದುಡ್ಡಿಲ್ಲ ಮಾರಾಯ್ರೇ’ ಅಂತ ನಕ್ಕು ಬಿಡುತ್ತಿದ್ದಿರಿ. ಇವರ ಮುಂದೆ ಅತ್ತಿದ್ದೀರಿ. ಹೆಂಡತಿ ಬಿಟ್ಟುಹೋದ ರಾತ್ರಿ ಹೇಗಿತ್ತು ಅಂತ ಹೇಳಿದ್ದೀರಿ. ನಿಮಗೆ ಒಂಟಿತನ ಎಷ್ಟಿದೆ, ಸಂಬಳ ಎಷ್ಟು ಬರುತ್ತದೆ ಎರಡೂ ಅವರಿಗೆ ಗೊತ್ತು. ಅಂಥವರು ಕೈಯೊಡ್ಡಿದರೆ ಇಲ್ಲ ಅನ್ನುವುದು ಯಾರಿಗೂ ಕಷ್ಟ. ಅದು ಗೊತ್ತಿದ್ದೂ ಕೇಳಿದ್ದಾರೆ ಅಂದರೆ ನನಗೆ ಸಿಟ್ಟೇ ಬರುತ್ತದೆ.

ನಾಳೆ ಒಂದು ಕಂತು ತಪ್ಪಿತು ಅಂತ ಇಟ್ಟುಕೊಳ್ಳಿ. ಆ ವಾರ ನೀವು ಕೌನ್ಸೆಲಿಂಗ್‌ಗೆ ಹೋಗುತ್ತೀರಾ? ಹೋದರೂ, ಕುಡಿತಕ್ಕೆ ದುಡ್ಡು ಹೋಯಿತು ಅಂತ ಚೀಟಿ ನಡೆಸುವವರ ಮುಂದೆ ಒಪ್ಪಿಕೊಳ್ಳುತ್ತೀರಾ? ಚೀಟಿ ಮುಳುಗಿದರೆ ನೀವು ಜಗಳ ಆಡಬೇಕಾದದ್ದೂ ಅವರ ಜೊತೆಯೇ, ಆ ಜಗಳದ ನೋವು ಹೇಳಿಕೊಳ್ಳಬೇಕಾದದ್ದೂ ಅವರ ಹತ್ತಿರವೇ. ಕೌನ್ಸೆಲರ್‌ಗೂ ನಿಮಗೂ ಕೌನ್ಸೆಲಿಂಗ್ ಬಿಟ್ಟು ಇನ್ನೊಂದು ವ್ಯವಹಾರ ಇರಬಾರದು ಅನ್ನುವುದು ನಮ್ಮ ಕಸುಬಿನಲ್ಲಿ ಅಆಇಈ ಇದ್ದಂತೆ. ಚೀಟಿ ಇರಲಿ, ಎಲ್‌ಐಸಿ ಪಾಲಿಸಿ ಇರಲಿ, ಸೈಟು ತೋರಿಸುವುದಿರಲಿ, ಪ್ರೇಮ-ಪ್ರಣಯವಂತೂ ಕೇಳಲೇಬೇಡಿ.

ಸಣ್ಣ ಊರಿನಲ್ಲಿ ಪೂರ್ತಿ ದೂರ ಇರಲು ಆಗುವುದಿಲ್ಲ, ನಿಜ. ನನ್ನ ಹತ್ತಿರ ಬರುವವರು ಸಂತೆಯಲ್ಲಿ ಸಿಗುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಎದುರಿಗೇ ಕೂತಿರುತ್ತಾರೆ. ನಾನಾಗಿ ಮಾತಾಡಿಸುವುದಿಲ್ಲ. ಪಕ್ಕದಲ್ಲಿದ್ದವರು ‘ಇವರು ನಿಮಗೆ ಹೇಗೆ ಪರಿಚಯ?’ ಅಂತ ಕೇಳಿದರೆ ಅವರೇನು ಹೇಳಬೇಕು? ಅವರಾಗಿ ನಕ್ಕರೆ ನಗುತ್ತೇನೆ. ಸೊಕ್ಕು ಅಂದುಕೊಂಡವರೂ ಇದ್ದಾರೆ, ಅಂದುಕೊಳ್ಳಲಿ. ಮರದ ನಾಲ್ಕು ಮಾವಿನಹಣ್ಣು ತಂದುಕೊಟ್ಟರೆ ತೆಗೆದುಕೊಳ್ಳುತ್ತೇನೆ. ಸೀರೆ ತಂದರೆ ಇಲ್ಲ.

ನೀವು ಅವರಿಗೆ ಇಷ್ಟೇ ಹೇಳಿ: ‘ಮೇಡಂ, ನಮ್ಮ ನಡುವೆ ದುಡ್ಡಿನ ವ್ಯವಹಾರ ಬೇಡ ಅನ್ನಿಸ್ತಿದೆ.’ ಅವರು ತಪ್ಪಾಯಿತು ಅಂದು ಅಲ್ಲಿಗೇ ಬಿಟ್ಟರೆ, ನಿಮಗೂ ಮನಸ್ಸಿದ್ದರೆ, ಮುಂದುವರಿಸಬಹುದು. ಮುಖ ಗಂಟು ಹಾಕಿದರೆ ಬೇರೆಯವರನ್ನು ನೋಡಿಕೊಳ್ಳಿ. ಇನ್ನೊಬ್ಬರ ಹೆಸರು ಸೂಚಿಸುವುದು, ನೀವು ಒಪ್ಪಿದರೆ ಇಲ್ಲಿಯವರೆಗಿನ ವಿಷಯ ಅವರಿಗೆ ತಲುಪಿಸುವುದು ಇವರ ಕರ್ತವ್ಯ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ಬಿಎ ಸೈಕಾಲಜಿ ಆಗಿದೆ. ಆನ್‌ಲೈನ್‌ನಲ್ಲಿ ಆರು ವಾರದ ಕೌನ್ಸೆಲಿಂಗ್ ಸರ್ಟಿಫಿಕೇಟ್ ಕೂಡ ಸಿಕ್ಕಿದೆ. ಮನೆಯ ಮುಂದಿನ ರೂಮಿಗೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬೋರ್ಡ್ ಹಾಕಬಹುದಾ? ಕೇಸ್‌ಗಳ ಬಗ್ಗೆ ಹೆಸರು ಹೇಳದೆ ರೀಲ್ಸ್ ಮಾಡಿದರೆ ತಪ್ಪಾ?
– ಯುವ ಓದುಗಿ, ಗದಗ

ಉತ್ತರ: ಆ ಬೋರ್ಡ್ ಹಾಕುವ ಹಾಗಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅವರ ರಿಜಿಸ್ಟರ್‌ನಲ್ಲಿ ಹೆಸರು ಹತ್ತಿಸಿರಬೇಕು. ಹಾಗಂತ 1992ರ ಕಾಯ್ದೆಯೇ ಹೇಳುತ್ತದೆ. ಉಳಿದ ಸೈಕಾಲಜಿಸ್ಟ್‌ಗಳು, ಕೌನ್ಸೆಲರ್‌ಗಳನ್ನು ನೋಂದಣಿಗೆ ತರಲು 2021ರಲ್ಲಿ ಇನ್ನೊಂದು ಕಾಯ್ದೆ ಬಂದಿದೆ. ನೀವು ಮೊದಲು ಎಂಎ ಅಥವಾ ಎಂಎಸ್ಸಿ ಮುಗಿಸಿ, ಹಿರಿಯರೊಬ್ಬರ ಕೈಕೆಳಗೆ ಕೆಲಸ ಮಾಡಿ. ಇವತ್ತು ಸಂಜೆ ಒಬ್ಬ ಹುಡುಗ ಬಂದು ‘ಬದುಕಿರೋಕೆ ಇಷ್ಟ ಇಲ್ಲ’ ಅಂದರೆ ನೀವು ಯಾರಿಗೆ ಫೋನ್ ಮಾಡುತ್ತೀರಿ? ಇದಕ್ಕೆ ಉತ್ತರ ಇಲ್ಲದೆ ಯಾರನ್ನೂ ಎದುರಿಗೆ ಕೂರಿಸಿಕೊಳ್ಳಬೇಡಿ.

ರೀಲ್ಸ್ ಬೇಡವೇ ಬೇಡ. ‘ಸೊಸೆ ಟೀಚರ್, ಮಗ ದುಬೈಯಲ್ಲಿ, ಅತ್ತೆಗೆ ಅನುಮಾನದ ಕಾಯಿಲೆ’ ಅಂದರೆ ನಿಮ್ಮ ಓಣಿಯಲ್ಲಿ ಹೆಸರು ಬೇರೆ ಹೇಳಬೇಕಾ? ನಿದ್ದೆ ಬಗ್ಗೆ, ಪರೀಕ್ಷೆಯ ಭಯದ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ. ಪ್ರತಿ ವಿಡಿಯೋದ ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಹಾಕಿ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.