ಎಂಟು ವರ್ಷ ನಿಂತ ಯೆಜ್ಡಿಗೆ ಮೊದಲೇ ಕಿಕ್ ಹೊಡೆಯಬೇಡಿ

ಅಪ್ಪನ ಯೆಜ್ಡಿ ಬೈಕ್ ಎಂಟು ವರ್ಷದಿಂದ ಊರಿನ ಕೊಟ್ಟಿಗೆಯಲ್ಲಿ ನಿಂತಿದೆ, ಹೊಸ ಪೆಟ್ರೋಲ್ ಹಾಕಿ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತಾ ಅಂತ ಕೇಳಿದ್ದೀರಿ. ಆದರೂ ಆಗಬಹುದು. ಆದರೆ ಸದ್ಯಕ್ಕೆ ಕಿಕ್ಕರ್ ಮುಟ್ಟಬೇಡಿ. ನಾನು ಮುಟ್ಟಿ ಕೆಟ್ಟವನು.

ನಮ್ಮ ಮಾವನ ಯೆಜ್ಡಿ ರೋಡ್‌ಕಿಂಗ್ ಆರು ವರ್ಷ ನಿಂತಿತ್ತು. ಗೇರ್ ಲಿವರನ್ನೇ ಒಳಗೊತ್ತಿ ಮೇಲೆತ್ತಿದರೆ ಕಿಕ್ಕರ್ ಆಗುತ್ತದಲ್ವಾ, ಆ ಖುಷಿಗೇ ಮೈಮೇಲೆ ಬಿದ್ದು ನಾಲ್ಕು ಸಲ ಒದ್ದೆ. ಒಳಗೆ ಪಿಸ್ಟನ್ನಿನ ರಿಂಗು ತುಕ್ಕು ಹಿಡಿದು ಬೋರಿಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿತ್ತು. ರಿಂಗು ಮುರಿಯಿತು, ಬೋರಿಗೆ ಉದ್ದಕ್ಕೆ ಗೀರು ಬಿತ್ತು. ಆ ಗೋಡೆಯನ್ನು ಮತ್ತೆ ಕೊರೆಸುವ ರೀಬೋರ್ ಖರ್ಚು ಸುಮ್ನೆ ಬಂತು.

ನೀವು ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಲ್ಲಿ ಎರಡು ಚಮಚ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬಿಟ್ಟು ಎರಡು ದಿನ ಹಾಗೇ ಬಿಡಿ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ತಂದು, ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಪಿಸ್ಟನ್ ನುಣ್ಣಗೆ ಓಡಾಡಿದರೆ ಅರ್ಧ ಗೆದ್ದಿರಿ. ಬಿಗಿ ಅನಿಸಿದರೆ ಇನ್ನಷ್ಟು ಆಯಿಲ್ ಬಿಟ್ಟು ಕಾಯಿರಿ, ಜೋರು ಮಾಡಬೇಡಿ.

ಜಾಸ್ತಿ ಕಾಟ ಕೊಡುವುದು ಹಳೆ ಪೆಟ್ರೋಲ್. ಪೂರ್ತಿ ಇಳಿಸಿ ಬಿಡಿ. ಟ್ಯಾಂಕಿನಲ್ಲಿ ತುಕ್ಕು ಉದುರುತ್ತಿದ್ದರೆ ಒಂದು ಹಿಡಿ ಹಳೆ ನಟ್ಟು ಹಾಕಿ ಕುಲುಕಿ ತೊಳೆಯಿರಿ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಿಚ್ಚಿದಾಗ ನನಗೆ ಬಟ್ಟಲಿನ ತಳದಲ್ಲಿ ಸಿಕ್ಕಿದ್ದು ಪೆಟ್ರೋಲಲ್ಲ, ಹಲಸಿನ ಮೇಣದಂಥ ಕಂದು ಅಂಟು. ಅದರೊಳಗಿನ ಪೈಲಟ್ ಜೆಟ್ಟನ್ನು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡನ್ನು, ಬೆಳಕಿಗೆ ಹಿಡಿದು ನೋಡಿ. ಚುಕ್ಕಿ ಬೆಳಕು ಕಾಣದಿದ್ದರೆ ವೈರಿನ ಒಂದೆಳೆ ತಾಮ್ರದ ತಂತಿ ತೂರಿಸಿ. ಸೂಜಿ ಬೇಡ, ತೂತು ದೊಡ್ಡದಾಗುತ್ತದೆ. ಎರಡೂ ಸೈಲೆನ್ಸರಿನೊಳಗೆ ಟಾರ್ಚ್ ಬಿಟ್ಟು ನೋಡಿ. ನಮ್ಮದರಲ್ಲಿ ಒಂದರ ಬಾಯಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು!

ಪಾಯಿಂಟ್ಸ್ (ಪ್ಲಗ್ಗಿನ ಕಿಡಿಗೆ ಕರೆಂಟು ಕಡಿಯುವ ಸಂಪರ್ಕ) ಇರುವ ಗಾಡಿಯಾದರೆ ಅದಕ್ಕೆ ನುಣುಪಾದ ಸ್ಯಾಂಡ್ ಪೇಪರ್ ಆಡಿಸಿ, ಪ್ಲಗ್ಗೂ ಬ್ಯಾಟರಿಯೂ ಹೊಸದು ಹಾಕಿ. ಟೂ-ಸ್ಟ್ರೋಕ್ ಗಾಡಿಯಾದ್ದರಿಂದ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸುವುದನ್ನು ಮರೆಯಬೇಡಿ. ನಾನು ಲೀಟರಿಗೆ 40 ಎಂಎಲ್ ಹಾಕುತ್ತೇನೆ.

ಸ್ಟಾರ್ಟ್ ಆದಾಗ ಕೊಟ್ಟಿಗೆ ತುಂಬ ಹೊಗೆ ಬರುತ್ತದೆ, ಹೆದರಬೇಡಿ. ಗಾಡಿ ಹೊರಗೆ ತಂದಿಟ್ಟರೆ ದನಗಳಿಗೂ ನಿಮಗೂ ಒಳ್ಳೆಯದು. ಅರ್ಧ ಗಂಟೆಯಾದರೂ ಬಿಳಿ ಹೊಗೆ ಕಮ್ಮಿಯಾಗದೆ, ಗೇರ್ ಆಯಿಲ್ ಇಳಿಯುತ್ತಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಹೋಗಿದೆ ಅಂತ ಅರ್ಥ. ಅದು ಮನೆಯಲ್ಲಿ ಆಗುವ ಕೆಲಸವಲ್ಲ, ಹಳೆ ಯೆಜ್ಡಿ ಮೇಸ್ತ್ರಿಯನ್ನೇ ಹುಡುಕಿ.

ರಸ್ತೆಗಿಳಿಸುವ ಮುಂಚೆ ಬ್ರೇಕ್ ಡ್ರಮ್ ಬಿಚ್ಚಿ ಒರೆಸಿ, ಟೈರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಯೆಜ್ಡಿ ತಯಾರಾಗುತ್ತಿದ್ದ ಮೈಸೂರಿನ ಫ್ಯಾಕ್ಟರಿ ಮುಚ್ಚಿದ್ದೇ 1996ರಲ್ಲಿ, ಹಾಗಾಗಿ ಹಳೆ ಯೆಜ್ಡಿ ಯಾವುದಾದರೂ 15 ವರ್ಷ ಯಾವತ್ತೋ ದಾಟಿರುತ್ತದೆ. ಆರ್‌ಸಿ ನವೀಕರಿಸಿದ್ದಾರಾ ನೋಡಿಕೊಳ್ಳಿ, ಇನ್ಶೂರೆನ್ಸೂ ಬೇಕು.

ಅಂದಹಾಗೆ, ಟ್ಯಾಂಕ್ ಮುಚ್ಚಳ ತೆಗೆದಾಗ ಎಂಥ ವಾಸನೆ ಬಂತು ಹೇಳಿ. ಹಳೆ ಪೇಂಟ್ ಡಬ್ಬದ ವಾಸನೆ ಬಂದಿದ್ದರೆ, ಪಿಸ್ಟನ್ ಸಡಿಲಾದ ಮೇಲೆ ಮೊದಲು ಕಾರ್ಬೊರೇಟರಿಗೇ ಕೈ ಹಾಕಿ.