ದೊಡ್ಡ ಪಂಪ್ ಬೇಡ, ಟ್ಯಾಂಕಿನ ತಳ ನೋಡಿ

ಪ್ರಶ್ನೆ: ನನ್ನ ಬಳಿ 1991ರ ಮಾರುತಿ ಜಿಪ್ಸಿ ಇದೆ. ತಂದೆಯವರು ಕೊಂಡ ಗಾಡಿ. ಅದರ 970 ಸಿಸಿ ಕಾರ್ಬುರೇಟರ್ ಎಂಜಿನ್ ಪೂರ್ತಿ ಸವೆದಿದ್ದರಿಂದ ಎಸ್ಟೀಮ್ ಕಾರಿನ 1.3 ಲೀಟರ್ ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್‌ಗಳಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಹಾಕಿಸಿದ್ದೇನೆ. ಟ್ಯಾಂಕ್ ಹಳೆಯದೇ. ಚಾಸಿಗೆ ಹೊರಗಿನಿಂದ ಒಂದು ಎಲೆಕ್ಟ್ರಿಕ್ ಪಂಪ್ ಬಿಗಿದಿದ್ದಾರೆ. ಟ್ಯಾಂಕ್ ತುಂಬಿದ್ದಾಗ ಗಾಡಿ ಚೆನ್ನಾಗಿ ಓಡುತ್ತದೆ. ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ, ನೈಸ್ ರಸ್ತೆಗೆ ಸೇರುವ ಉದ್ದನೆಯ ತಿರುವಿನಲ್ಲಿ ಎಂಜಿನ್ ಮುಗ್ಗರಿಸುತ್ತದೆ. ಮಧ್ಯಾಹ್ನ ಸಿಲ್ಕ್ ಬೋರ್ಡ್ ದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಪಂಪ್ ಕೀರಲು ದನಿ ತೆಗೆಯುತ್ತದೆ. ಗಂಟೆಗೆ 255 ಲೀಟರ್ ತಳ್ಳುವ ದೊಡ್ಡ ಪಂಪ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಿದ್ದಾರೆ. ಹಾಕಿಸಲೇ?
– ಓದುಗರು, ಜಯನಗರ

ಉತ್ತರ: ಹಾಕಿಸಬೇಡಿ. ನಿಮ್ಮ ತೊಂದರೆ ಪಂಪಿನ ಗಾತ್ರದ್ದಲ್ಲ. ಪಂಪಿನ ಬಾಯಿಗೆ ಪೆಟ್ರೋಲ್ ತಲುಪುತ್ತಿಲ್ಲ. ಇದೇ ಜಾಗದಲ್ಲಿ ದೊಡ್ಡ ಪಂಪ್ ಕೂರಿಸಿದರೆ ಅದು ಇನ್ನೂ ಜೋರಾಗಿ ಗಾಳಿಯನ್ನೇ ಎಳೆಯುತ್ತದೆ.

ಮೊದಲು ಲೆಕ್ಕ ನೋಡೋಣ. ನಿಮ್ಮ ಎಂಜಿನ್ ಸುಮಾರು 85 ಅಶ್ವಶಕ್ತಿಯದು. ಪೆಟ್ರೋಲ್ ಎಂಜಿನ್ ಪೂರ್ತಿ ಕಸುವಿನಲ್ಲಿ ಓಡುವಾಗ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಹೆಚ್ಚುಕಡಿಮೆ 230 ಗ್ರಾಂ ಇಂಧನ ಕುಡಿಯುತ್ತದೆ. ಅಂದರೆ ಗಂಟೆಗೆ 19ರಿಂದ 20 ಕೆಜಿ, ಸುಮಾರು 26 ಲೀಟರ್. ಈಗಿನ ಎಥೆನಾಲ್ ಬೆರೆತ ಪೆಟ್ರೋಲಿಗೆ ಇನ್ನೆರಡು ಲೀಟರ್ ಸೇರಿಸಿ, 28 ಎನ್ನೋಣ. ಅದರ ಎರಡರಷ್ಟು, ಅಂದರೆ ಗಂಟೆಗೆ 60 ಲೀಟರನ್ನು 3 ಬಾರ್ ಒತ್ತಡದಲ್ಲಿ ಕೊಡುವ ಪಂಪ್ ನಿಮಗೆ ಧಾರಾಳವಾಯಿತು. 255 ಲೀಟರಿನ ಪಂಪ್ ಹಾಕಿದರೆ ಮಿಕ್ಕ 225 ಲೀಟರೂ ಬಿಸಿ ಎಂಜಿನ್ನಿನ ಪಕ್ಕ ಹಾದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳಬೇಕು. ಟ್ಯಾಂಕಿನ ಪೆಟ್ರೋಲೇ ಬಿಸಿಯಾಗುತ್ತದೆ. ಕಾರ್ಬುರೇಟರ್ ಕಾಲದ ಸಣ್ಣ ರಿಟರ್ನ್ ಪೈಪ್ ಅಷ್ಟನ್ನು ಸಾಗಿಸಲಾರದೆ ಕಟ್ಟಿಕೊಂಡು, ಐಡಲ್‌ನಲ್ಲಿ (ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುವಾಗ) ರೈಲಿನ, ಅಂದರೆ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ, ಒತ್ತಡ ಏರಿ, ಪೆಟ್ರೋಲ್ ಹೆಚ್ಚಾಗಿ ಎಂಜಿನ್ ಹೊಗೆಯಾಡತೊಡಗುತ್ತದೆ.

ಹಾಗಾದರೆ ತಿರುವಿನಲ್ಲಿ ಮುಗ್ಗರಿಸುವುದೇಕೆ? ಕಾರ್ಬುರೇಟರಿನೊಳಗೆ ಫ್ಲೋಟ್ ಬೌಲ್ ಎಂಬ ಪುಟ್ಟ ತೊಟ್ಟಿ ಇರುತ್ತದೆ. ಬೈಟು ಕಾಫಿಯ ಒಂದು ಲೋಟದಷ್ಟು ಪೆಟ್ರೋಲ್ ಅದರಲ್ಲಿ ಸದಾ ನಿಂತಿರುತ್ತದೆ. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಮೂಲೆಗೆ ಸರಿದು ಪೈಪ್ ಎರಡು ಕ್ಷಣ ಗಾಳಿ ಎಳೆದರೂ, ಎಂಜಿನ್ ಆ ಲೋಟದಲ್ಲಿದ್ದುದನ್ನು ಕುಡಿದು ದಾಟಿಬಿಡುತ್ತದೆ. ನಿಮ್ಮ ಗಾಡಿ ಅಷ್ಟು ವರ್ಷ ತಕರಾರಿಲ್ಲದೆ ಓಡಿದ್ದು ಹೀಗೆ. ಇಂಜೆಕ್ಷನ್ ಎಂಜಿನ್ನಿಗೆ ಆ ಲೋಟವೇ ಇಲ್ಲ. ರೈಲಿನಲ್ಲಿ ಒತ್ತಡ ಬಿದ್ದ ಕ್ಷಣವೇ ಇಂಜೆಕ್ಟರ್ ಚಿಮ್ಮಿಸುವ ಪೆಟ್ರೋಲ್ ಕಡಿಮೆಯಾಗುತ್ತದೆ. ಜಿಪ್ಸಿಯ 40 ಲೀಟರ್ ಟ್ಯಾಂಕಿನಲ್ಲಿ ಕಾಲು ಭಾಗವೆಂದರೆ 10 ಲೀಟರ್. ಅಗಲವಾದ ತಳದಲ್ಲಿ ಅದು ತೆಳುವಾಗಿ ಹರಡಿಕೊಂಡಿರುತ್ತದೆ. ಉದ್ದನೆಯ ತಿರುವಿನಲ್ಲಿ ಎಲ್ಲವೂ ಹೊರಬದಿಗೆ ಸರಿದು ಪೈಪಿನ ಬಾಯಿ ಬರಿದಾಗುತ್ತದೆ.

ಕಳೆದುಹೋದ ಆ ಲೋಟವನ್ನು ಮತ್ತೆ ಒದಗಿಸುವುದೇ ಇಲ್ಲಿಯ ಕೆಲಸ. ಒಳ್ಳೆಯ ದಾರಿ, ಪಂಪನ್ನು ಟ್ಯಾಂಕಿನೊಳಗೇ ಒಂದು ಬಟ್ಟಲಿನಲ್ಲಿ ಮುಳುಗಿಸಿ ಇಡುವುದು. ಎಂಪಿಎಫ್‌ಐ ಕಾರುಗಳ ಪಂಪ್ ಜೋಡಣೆ ಇರುವುದೇ ಹೀಗೆ. ಆದರೆ ಅದಕ್ಕೆ ನಿಮ್ಮ ಟ್ಯಾಂಕನ್ನು ಕತ್ತರಿಸಿ ಬೆಸುಗೆ ಹಾಕಬೇಕಾಗುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯಕಾರಿ, ಏಕೆಂದರೆ ಸ್ಫೋಟಿಸುವುದು ಒಳಗೆ ಉಳಿದ ಆವಿ. ತೊಳೆದು, ಹಬೆ ಹಾಯಿಸಿ, ಆವಿ ಪೂರ್ತಿ ಹೋಗಿದೆ ಎಂದು ಖಚಿತಪಡಿಸಿಕೊಂಡು ಮಾಡುವ ಕೆಲಸ ಅದು. ದಿನವೂ ಟ್ಯಾಂಕ್ ರಿಪೇರಿ ಮಾಡುವವರ ಕೈಗೇ ಕೊಡಿ. ಬೀದಿಬದಿಯ ವೆಲ್ಡಿಂಗ್ ಅಂಗಡಿಗೆ ಖಂಡಿತ ಒಯ್ಯಬೇಡಿ.

ಟ್ಯಾಂಕ್ ಮುಟ್ಟದೆ ಮಾಡಬಹುದಾದದ್ದು ಸರ್ಜ್ ಟ್ಯಾಂಕ್. ನಿಮ್ಮ ಗಾಡಿಗೆ ನಾನು ಇದನ್ನೇ ಹೇಳುತ್ತೇನೆ. ಒಂದೂವರೆ ಲೀಟರ್ ಹಿಡಿಯುವ, ನೆಟ್ಟಗೆ ನಿಲ್ಲುವ ಲೋಹದ ಡಬ್ಬಿ. ಕಡಿಮೆ ಒತ್ತಡದ ಒಂದು ಸಣ್ಣ ಪಂಪ್ ಟ್ಯಾಂಕಿನಿಂದ ಎತ್ತಿ ಇದನ್ನು ಸದಾ ತುಂಬಿಸುತ್ತಿರುತ್ತದೆ. ಡಬ್ಬಿಯ ತಳದಿಂದ ಹೆಚ್ಚು ಒತ್ತಡದ ಪಂಪ್ ಎಳೆದುಕೊಂಡು ಎಂಜಿನ್ನಿಗೆ ಕೊಡುತ್ತದೆ. ರೈಲಿನಿಂದ ಮರಳಿದ ಪೆಟ್ರೋಲ್ ಈ ಡಬ್ಬಿಗೇ ಬೀಳಬೇಕು. ಹೆಚ್ಚಾದದ್ದು, ಜೊತೆಗೆ ಗಾಳಿ ಮತ್ತು ಆವಿ, ಡಬ್ಬಿಯ ನೆತ್ತಿಯ ಪೈಪಿನಿಂದ ಟ್ಯಾಂಕಿಗೆ ಹೋಗುತ್ತದೆ. ನೆತ್ತಿಯ ಪೈಪ್ ಮತ್ತು ತಳದ ಪೈಪ್ ಅದಲುಬದಲಾದರೆ ಇಡೀ ಶ್ರಮ ವ್ಯರ್ಥ. ಡಬ್ಬಿಯನ್ನು ಚಾಸಿಯ ಒಳಬದಿಯಲ್ಲಿ, ಸೈಲೆನ್ಸರಿನಿಂದ ದೂರದಲ್ಲಿ ಕೂರಿಸಿ. ಸೀಟಿನ ಹಿಂದೆ, ಜನ ಕೂರುವ ಜಾಗದಲ್ಲಿ ಬೇಡವೇ ಬೇಡ.

ಮಧ್ಯಾಹ್ನದ ಕೀರಲು ದನಿಗೂ ಮೂಲ ಇದೇ. ಒತ್ತಡದ ಪಂಪುಗಳು ತಳ್ಳುವುದರಲ್ಲಿ ಗಟ್ಟಿಗರು, ಎಳೆಯುವುದರಲ್ಲಿ ದುರ್ಬಲರು. ಉದ್ದನೆಯ ಹೋಸ್ ಮೂಲಕ, ಅದರಲ್ಲೂ ಪಂಪಿಗೆ ಮುಂಚೆಯೇ ನುಣುಪು (ತೀರಾ ಸಣ್ಣ ಕಣ್ಣಿನ) ಫಿಲ್ಟರ್ ಹಾಕಿದ್ದರೆ, ಎಳೆಯುವ ಬದಿಯಲ್ಲಿ ಒತ್ತಡ ಕುಸಿದು ಬೆಚ್ಚಗಿನ ಪೆಟ್ರೋಲ್ ಅಲ್ಲೇ ಕುದಿಯತೊಡಗುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ, ಹಾಗಾಗಿ ಕುದಿಯುವುದು ಇನ್ನೂ ಸುಲಭ. ನೀವು ಕೇಳುತ್ತಿರುವುದು ಆವಿಯ ಗುಳ್ಳೆಗಳು ಪಂಪಿನೊಳಗೆ ಒಡೆಯುವ ಸದ್ದು. ಪಂಪನ್ನು ಪೆಟ್ರೋಲಿನ ಮಟ್ಟಕ್ಕಿಂತ ಕೆಳಗೆ ಇಳಿಸಿ. ಅದರ ಮುಂಚೆ 100 ಮೈಕ್ರಾನಿನ ಒರಟು ಜಾಲರಿ ಸಾಕು, 10 ಮೈಕ್ರಾನಿನ ನುಣುಪು ಫಿಲ್ಟರ್ ಪಂಪಿನ ಆಚೆಗಿರಲಿ. ಟ್ಯಾಂಕಿನ ಮುಚ್ಚಳ ತೆರೆದಾಗ ಗಾಳಿ ಬುಸ್ಸೆಂದು ಒಳಗೆ ನುಗ್ಗಿದರೆ ಉಸಿರಾಟದ ಪೈಪ್ ಕಟ್ಟಿದೆ ಎಂದರ್ಥ. ಅದನ್ನೂ ಬಿಡಿಸಿ.

ಈಗ ಹೋಸ್. ಇದರ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಕಾರ್ಬುರೇಟರಿಗೆ ಪೆಟ್ರೋಲ್ ಕೊಡುವ ಹಳೆಯ ಪಂಪಿನ ಒತ್ತಡ 0.2ರಿಂದ 0.3 ಬಾರ್. ಇಂಜೆಕ್ಷನ್ನಿನದು ಅದರ ಹತ್ತು ಪಟ್ಟು. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ನಾನೇ ಒಂದು ಗಾಡಿಗೆ, ಕೈಗೆ ಸಿಕ್ಕಿತೆಂದು, ಮಾಮೂಲಿ ರಬ್ಬರ್ ಹೋಸ್ ಹಾಕಿದ್ದೆ. ಎರಡು ವಾರದ ನಂತರ ಹೊಸೂರು ರಸ್ತೆಯಲ್ಲಿ ವಾಸನೆ ಬಂತೆಂದು ಬಾನೆಟ್ ಎತ್ತಿದೆ. ಕ್ಲಿಪ್ ಕಚ್ಚಿದ್ದ ಕಡೆ ಕೂದಲಿನಂಥ ಸೀಳು. ಅದರಿಂದ ಪೆಟ್ರೋಲ್ ಮಂಜಿನಂತೆ ಎಕ್ಸಾಸ್ಟ್ ಮ್ಯಾನಿಫೋಲ್ಡಿನತ್ತ ಚಿಮ್ಮುತ್ತಿತ್ತು. ಬಿಸಿಲಿಗೆ ಆ ಮಂಜಿನಲ್ಲಿ ಬಣ್ಣ ಮೂಡಿದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಬೆಂಕಿ ಹತ್ತಲಿಲ್ಲ, ಅಷ್ಟೇ. ಅಂದಿನಿಂದ ಹೋಸಿನ ಮೈಮೇಲಿನ ಅಕ್ಷರ ಓದದೆ ನಾನು ಕೊಳ್ಳುವುದಿಲ್ಲ.

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳುವಾಗ 'ಪೆಟ್ರೋಲ್ ಪೈಪ್ ಕೊಡಿ' ಎನ್ನಬೇಡಿ. 'ಎಸ್‌ಎಇ ಜೆ30 ಆರ್9' ಎಂದು ಮುದ್ರಿಸಿರುವುದನ್ನೇ ಕೇಳಿ. ಇಂಜೆಕ್ಷನ್ನಿನ ಒತ್ತಡ ತಾಳುವ ಹೋಸಿನ ಗುರುತು ಅದು. ಆರ್7 ಎಂದಿದ್ದರೆ ಅದು ಕಡಿಮೆ ಒತ್ತಡದ್ದು, ಸರ್ಜ್ ಟ್ಯಾಂಕಿಗೆ ತುಂಬಿಸುವ ಬದಿಗೆ ಮಾತ್ರ. ಟ್ಯಾಂಕಿನೊಳಗೆ ಮುಳುಗಿರುವ ತುಂಡಿಗೆ ಆರ್10 ಬೇಕು. ಆರ್9 ಹೋಸಿನ ಹೊರಮೈ ಪೆಟ್ರೋಲಿನಲ್ಲಿ ಮುಳುಗಿರಲು ಮಾಡಿದ್ದಲ್ಲ. ತಿರುಪಿನ ಹಲ್ಲು ಹೊರಗೆ ಕಾಣುವ ಕ್ಲಿಪ್ ರಬ್ಬರನ್ನು ಕತ್ತರಿಸುತ್ತದೆ. ಒಳಮೈ ನುಣುಪಾಗಿರುವ, ಬೋಲ್ಟ್ ಬಿಗಿಯುವ ಕ್ಲಿಪ್ ಹಾಕಿ. ಹೋಸ್ ತೂರಿಸುವ ಕಬ್ಬಿಣದ ಪೈಪಿನ ತುದಿಯಲ್ಲಿ ಉಬ್ಬಿದ ಬಳೆ ಇರಲೇಬೇಕು, ನೇರವಾಗಿ ಕತ್ತರಿಸಿದ ತುದಿಯಿಂದ ಹೋಸ್ ಜಾರುತ್ತದೆ. 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬಿಡುಗಡೆಯಾದದ್ದು ನಮ್ಮ ಬೆಂಗಳೂರಿನಲ್ಲೇ. 1991ರ ರಬ್ಬರನ್ನು ಅದಕ್ಕಾಗಿ ಮಾಡಿರಲಿಲ್ಲ. ಹಳೆಯ ಹೋಸ್ ಒಂದನ್ನು ಉದ್ದಕ್ಕೆ ಸೀಳಿ ಬೆರಳಿನಿಂದ ಉಜ್ಜಿ ನೋಡಿ. ಕಪ್ಪು ಅಂಟಿದರೆ ಒಂದನ್ನೂ ಉಳಿಸಿಕೊಳ್ಳಬೇಡಿ.

ಇವತ್ತೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಕಿವಿಗೊಡಿ. ಪಂಪ್ ಎರಡು ಮೂರು ಸೆಕೆಂಡ್ ಗುಂಯ್‌ಗುಟ್ಟಿ ನಿಲ್ಲಬೇಕು. ನಿಲ್ಲದೆ ಸದ್ದು ಮಾಡುತ್ತಲೇ ಇದ್ದರೆ ತಂತಿಯನ್ನು ನೇರವಾಗಿ ಕೀಲಿಗೆ ಜೋಡಿಸಿದ್ದಾರೆ. ಅಪಘಾತವಾಗಿ ಎಂಜಿನ್ ನಿಂತರೂ ಒಡೆದ ಪೈಪಿನಿಂದ ಪಂಪ್ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ. ಹಾಗಿದ್ದರೆ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೇಳಿದಂತೆ ನಡೆಯುವ ರಿಲೇ ಮತ್ತು ಫ್ಯೂಸ್ ಹಾಕಿಸುವವರೆಗೆ ಗಾಡಿ ತೆಗೆಯಬೇಡಿ. ಉಳಿದ ಕೆಲಸವೆಲ್ಲ ಇದರ ನಂತರ.

ಕೆಲಸ ಮುಗಿದ ಮೇಲೆ ಎರಡು ಅಳತೆ ತೆಗೆಸಿ. ರೈಲಿನ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನ ವ್ಯಾಕ್ಯೂಮ್ ಹೋಸ್ ಕಿತ್ತಾಗ ಗೇಜಿನಲ್ಲಿ ಒತ್ತಡ ಏರಬೇಕು, ಮತ್ತೆ ಹಾಕಿದಾಗ ಸುಮಾರು ಅರ್ಧ ಬಾರ್ ಇಳಿಯಬೇಕು. ಇಳಿಯದಿದ್ದರೆ ಮೊದಲು ರಿಟರ್ನ್ ಪೈಪಿನ ಮೇಲೆ ಅನುಮಾನಪಡಿ. ಬಳಿಕ ತಣ್ಣಗಿನ ಎಂಜಿನ್ನಿನಲ್ಲಿ, ಬಯಲಿನಲ್ಲಿ, ಅಗ್ನಿಶಾಮಕ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ಎಂಜಿನ್ ಸ್ಟಾರ್ಟ್ ಮಾಡದೆ, ರಿಟರ್ನ್ ಹೋಸನ್ನು ಅಳತೆಯ ಡಬ್ಬಿಗೆ ಬಿಟ್ಟು ಮೆಕ್ಯಾನಿಕ್ ಪಂಪಿಗೆ ತಾತ್ಕಾಲಿಕವಾಗಿ ನೇರ ಕರೆಂಟ್ ಕೊಟ್ಟು 30 ಸೆಕೆಂಡ್ ಓಡಿಸಲಿ. ಅರ್ಧ ಲೀಟರ್ ಬಿದ್ದರೆ ಗಂಟೆಗೆ 60 ಲೀಟರ್ ಆಯಿತು. ನಿಮಗೆ ಬೇಕಾದದ್ದು ಅಷ್ಟೇ.

ಇದೇ ಓದುಗರ ಇನ್ನೊಂದು ಪ್ರಶ್ನೆ: ಎಂಜಿನ್ ಗುಜರಿಯಲ್ಲಿ ಕೊಂಡದ್ದು. ಆರ್‌ಸಿಯಲ್ಲಿ ಏನಾದರೂ ಬದಲಾಯಿಸಬೇಕೇ?

ಉತ್ತರ: ಇದನ್ನು ಎಂಜಿನ್ ಕೂರಿಸುವ ಮೊದಲೇ ಕೇಳಬೇಕಿತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ನಿಮ್ಮ ಗಾಡಿಯಲ್ಲಿ ಎಂಜಿನ್ ಸಂಖ್ಯೆಯ ಜೊತೆಗೆ ಸಿಸಿಯೂ ಬದಲಾಗಿದೆ. ಎಂಜಿನ್ ಕೊಂಡ ರಸೀದಿ ಮತ್ತು ಅದು ಬಿಚ್ಚಿ ಬಂದ ಕಾರಿನ ದಾಖಲೆಗಳನ್ನು ತಕ್ಷಣ ತರಿಸಿಕೊಳ್ಳಿ. ಅವಿಲ್ಲದಿದ್ದರೆ ಕಳವಿನ ಮಾಲೆಂಬ ಅನುಮಾನ ನಿಮ್ಮ ತಲೆಗೇ ಬರುತ್ತದೆ. ನಿಮ್ಮ ವ್ಯಾಪ್ತಿಯ ಆರ್‌ಟಿಒಗೆ ಇದ್ದದ್ದನ್ನು ಇದ್ದಂತೆ ಬರೆದು ಅರ್ಜಿ ಕೊಡಿ. ಒಪ್ಪಿಗೆ ಸಿಗುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ. ಲಿಖಿತ ಉತ್ತರ ಬರುವವರೆಗೆ ಸಾರ್ವಜನಿಕ ರಸ್ತೆಗೆ ಇಳಿಸಬೇಡಿ. ಪಾಲಿಸಿಯಲ್ಲಿ ಒಂದು ಎಂಜಿನ್ ಸಂಖ್ಯೆ, ಗಾಡಿಯಲ್ಲಿ ಇನ್ನೊಂದು ಇದ್ದಾಗ ವಿಮೆಯ ಹಣಕ್ಕಾಗಿ ಹೋರಾಡುವುದು ಬಹಳ ಕಷ್ಟ.