ಹೈಟೆನ್ಷನ್ ಲೈನ್ ಯೋಜನೆ ಮಾಡುವಾಗ ಊರಿನವರನ್ನು ಕೇಳುತ್ತಾರಾ?

ಉಡುಪಿ ಜಿಲ್ಲೆಯಲ್ಲಿ ಮುಂದಿನ ಹತ್ತು-ಹದಿನೈದು ವರ್ಷಕ್ಕೆ ಲೈನು, ಸಬ್‌ಸ್ಟೇಷನ್ ಎಲ್ಲಿ ಬೇಕೆಂದು ತೀರ್ಮಾನಿಸುವಾಗ ನಮ್ಮಂಥವರನ್ನು ಕೇಳುತ್ತಾರಾ ಎಂದು ವಿಚಾರಿಸಿದ್ದೀರಿ. ಕೇಳುತ್ತಾರೆ. ಆದರೆ ಕೇಳುವ ಹೊತ್ತಿಗೆ ನಮಗೆ ಸುದ್ದಿಯೇ ಇರುವುದಿಲ್ಲ, ಸುದ್ದಿ ಬರುವ ಹೊತ್ತಿಗೆ ಕೇಳುವವರಿರುವುದಿಲ್ಲ.

ಕಾರ್ಕಳ ತಾಲೂಕಿನಲ್ಲಿ ನಮ್ಮದೊಂದು ಸಣ್ಣ ಅಡಿಕೆ ತೋಟ. ಲೈನ್ ಬರುವುದು ನಮಗೆ ಯಾವ ಪತ್ರದಿಂದಲೂ ಗೊತ್ತಾದದ್ದಲ್ಲ. ಗುಡ್ಡೆಗೆ ಸೊಪ್ಪು ತರಲು ಹೋದ ಅಮ್ಮ, ಕಲ್ಲಿಗೆ ಯಾರೋ ಕೆಂಪು ಬಣ್ಣ ಬಳಿದಿದ್ದಾರೆ ಎಂದು ಬಂದು ಹೇಳಿದರು. ಅದು ಲೈನ್ ಸರ್ವೆಯ ಗುರುತು. ಅಷ್ಟರಲ್ಲಿ ದಾರಿ ನಿಗದಿಯಾಗಿತ್ತು. ಮಾತಾಡಲು ಉಳಿದದ್ದು ಪರಿಹಾರದ ಲೆಕ್ಕ ಒಂದೇ.

ಕಾನೂನೇ ಹಾಗಿದೆ. ನಮ್ಮ ಜಿಲ್ಲೆಯ ಎಲ್ಲೂರಿನಲ್ಲಿರುವಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಇವತ್ತು ಹೊಸದಾಗಿ ಕಟ್ಟುವುದಾದರೆ 2006ರ ಪರಿಸರ ಅಧಿಸೂಚನೆಯಡಿ ಸಾರ್ವಜನಿಕ ವಿಚಾರಣೆ ಬೇಕು. ಅಲ್ಲಿಂದ ಕರೆಂಟ್ ಸಾಗಿಸುವ ಲೈನು ಆ ಪಟ್ಟಿಯಲ್ಲೇ ಇಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ತಂತಿ ಎಳೆಯಲು ಟೆಲಿಗ್ರಾಫ್ ಇಲಾಖೆಗಿದ್ದ ಹಳೇ ಅಧಿಕಾರವನ್ನು ಲೈನ್ ಕಂಪನಿಗೆ ಕೊಟ್ಟರೆ ಜಮೀನಿನವರ ಒಪ್ಪಿಗೆಯೂ ಬೇಡ. ಜಾಗವನ್ನು ಕೊಳ್ಳುವುದಿಲ್ಲ. ಆರ್‌ಟಿಸಿ ನಿಮ್ಮ ಹೆಸರಲ್ಲೇ ಇರುತ್ತದೆ, ಅಡಿಕೆ ಮಾತ್ರ ಇರುವುದಿಲ್ಲ!

400 ಕೆವಿ ಲೈನಿಗೆ 46 ಮೀಟರ್ ಅಗಲದ ದಾರಿ ಬೇಕು. ತೋಟದೊಳಗೆ 100 ಮೀಟರ್ ಹಾದರೂ ಒಂದು ಎಕರೆಗಿಂತ ಜಾಸ್ತಿ ಹೋಯಿತು. 2024ರ ಕೇಂದ್ರದ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ 200%, ತಂತಿಯ ಕೆಳಗಿನ ಜಾಗಕ್ಕೆ 30% ಎಂದಿದೆ.

ನನಗೆ ಬೇಸರ ದುಡ್ಡಿನದ್ದಲ್ಲ (ಅದೂ ಇದೆ ಅನ್ನಿ). ಊರಿನವರಿಗೆ ಗೊತ್ತಿರುವುದು ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ. ನಾಗಬನ ಅಲ್ಲಿ ಬರೀ ನಾಲ್ಕು ಮರದ ಗುಂಪು. ಕೃಷಿ ಜಮೀನಿಗೆ ತಾಗಿದ ಕುಮ್ಕಿಯಂತೂ ದಾಖಲೆಯಲ್ಲಿ ಸರ್ಕಾರಿ ಜಾಗ, ಹಾಗಾಗಿ ಗೆರೆ ಎಳೆಯುವವರಿಗೆ ಖಾಲಿ ಗುಡ್ಡೆ. ಆದರೆ ಅಲ್ಲಿಯ ಸೊಪ್ಪು-ಸೌದೆಯ ಹಕ್ಕು ಪಕ್ಕದ ವರ್ಗ (ಪಟ್ಟಾ) ಜಮೀನಿನವರದು. ಆ ಸೊಪ್ಪಿಲ್ಲದೆ ಹಟ್ಟಿ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ತೋಟ ಇಲ್ಲ. ಬಣ್ಣ ಬಿದ್ದ ಕಲ್ಲು ಇದ್ದದ್ದೂ ಕುಮ್ಕಿಯಲ್ಲೇ.

ಹಾಗಾದರೆ ಎಲ್ಲಿ ಹೇಳಬೇಕು? ನಮಗೆ ಕರೆಂಟ್ ಕೊಡುವ ಮೆಸ್ಕಾಂ ದರ ಏರಿಕೆ ಅರ್ಜಿ ಹಾಕಿದಾಗ ಕೆಇಆರ್‌ಸಿ (ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ) ಆಕ್ಷೇಪಣೆ ಕರೆದು ವಿಚಾರಣೆ ನಡೆಸುತ್ತದೆ. ನಾವೆಲ್ಲ ಯೂನಿಟ್‌ಗೆ ಎಷ್ಟು ಪೈಸೆ ಎಂದಷ್ಟೇ ನೋಡುತ್ತೇವೆ. ಹೊಸ ಸಬ್‌ಸ್ಟೇಷನ್, ಲೈನಿಗೆ ಹಾಕುವ ಬಂಡವಾಳದ ಲೆಕ್ಕವೂ ಅದರಲ್ಲೇ ಇರುತ್ತದೆ. ದೊಡ್ಡ ಲೈನಾದರೆ ರಾಜ್ಯದ ವಿದ್ಯುತ್ ಪ್ರಸರಣ ಕಂಪನಿ ಕೆಪಿಟಿಸಿಎಲ್‌ನ ಅರ್ಜಿ ನೋಡಿ. ಇನ್ನೂ ಮೇಲೆ, ಕೇಂದ್ರ ವಿದ್ಯುತ್ ಪ್ರಾಧಿಕಾರ ಐದು ವರ್ಷಕ್ಕೊಮ್ಮೆ ರಾಷ್ಟ್ರೀಯ ಯೋಜನೆ ಮಾಡುವಾಗ ಕರಡು ಪ್ರಕಟಿಸಿ ಸಾರ್ವಜನಿಕರ ಸಲಹೆ ಕೇಳಬೇಕು. ಕರಡಿನಲ್ಲಿ ನಿಮ್ಮ ಊರಿನ ಹೆಸರು ಇರುವುದಿಲ್ಲ, ಅದೇ ತೊಂದರೆ. ಎರಡು ಸಬ್‌ಸ್ಟೇಷನ್ ಹೆಸರು ಇರುತ್ತದೆ. ನಡುವೆ ನೀವಿದ್ದೀರಾ ಎಂದು ನೀವೇ ನೋಡಿಕೊಳ್ಳಬೇಕು.

ಸುಮ್ನೆ "ಲೈನ್ ಬೇಡ" ಎಂದು ಬರೆಯಬೇಡಿ. ಸರ್ವೆ ನಂಬರ್ ಹಾಕಿ, ಬನ, ಬಾವಿ, ಕುಮ್ಕಿ ಗುರುತಿಸಿ, "ಗುಡ್ಡೆಯ ಆಚೆ ಬದಿಯಿಂದ ಹೋಗಬಹುದಲ್ವಾ" ಎಂದು ಕೇಳಿ. ಕಲ್ಲಿಗೆ ಆಗಲೇ ಬಣ್ಣ ಬಿದ್ದಿದ್ದರೆ ಇವತ್ತೇ ಮರ ಎಣಿಸಿ ಫೋಟೋ ತೆಗೆದಿಡಿ. ಪರಿಹಾರ ಕಡಿಮೆಯಾಯಿತೆಂದು ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುವಾಗ ಬೇಕಾಗುತ್ತದೆ.